ಮೂರು ಮಿಷನ್‌ಗಳಲ್ಲಿ ಮೊದಲು ಯಾವುದಕ್ಕೆ ಹೋಗಬೇಕು?

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳು ನಾಲ್ಕನೇ ಕ್ಲಾಸಿಗೆ ಬಂದರೆ ಮಿಷನ್ ಪಾಠ ಶುರುವಾಗುತ್ತದೆ. 1769ರಿಂದ 1823ರವರೆಗೆ ಸ್ಪೇನಿನ ಪಾದ್ರಿಗಳು ನಿಲ್ಲಿಸಿದ 21 ಮಿಷನ್‌ಗಳ ಕಥೆ. ಮಿಷನ್ ಅಂದರೆ ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿಸಿ, ಅಲ್ಲೇ ಇರಿಸಿಕೊಂಡು ದುಡಿಸುತ್ತಿದ್ದ ಚರ್ಚು ಮತ್ತು ಅದರ ಸುತ್ತಲಿನ ವಸತಿ. ಸಕ್ಕರೆ ಕ್ಯೂಬ್ ಅಂಟಿಸಿ ಚರ್ಚಿನ ಮಾಡೆಲ್ ಮಾಡಿಸುವುದು ಈಗ ಕಡಿಮೆಯಾಗಿದೆ, ಒಳ್ಳೇದೇ ಆಯ್ತು. ಆ ಗೋಡೆ ಎಬ್ಬಿಸಿದ ಮೂಲನಿವಾಸಿಗಳು ಆ ಮಾಡೆಲ್‌ನಲ್ಲಿ ಎಲ್ಲಿರುತ್ತಿದ್ದರು ಹೇಳಿ? ಮಗಳ ಪಾಠದ ನೆಪದಲ್ಲಿ ನಾವು ಮೂರು ಕಡೆ ಹೋಗಿ ಬಂದೆವು.

ನಮ್ಮ ಫ್ರೀಮಾಂಟಿನ ಮಿಷನ್ ಸ್ಯಾನ್ ಹೋಸೆ (1797) ಮನೆಗೆ ಹತ್ತಿರ. ಹಳೇ ಚರ್ಚ್ 1868ರ ಭೂಕಂಪಕ್ಕೆ ಬಿತ್ತು. ಈಗಿರುವುದು ಅದೇ ಮಾದರಿಯಲ್ಲಿ 1985ರಲ್ಲಿ ಮುಗಿಸಿದ್ದು. ಚೆನ್ನಾಗಿದೆ, ಆದರೆ ಒಳಗೆ ಹೋದರೆ ಕಣ್ಣೆಲ್ಲ ಬಲಿಪೀಠದ ಮೇಲೇ. ಇಲ್ಲಿಂದ 1828ರಲ್ಲಿ ಹೊರನಡೆದು ಸೈನ್ಯದ ವಿರುದ್ಧವೇ ಕಾದಾಡಿದ, ಯೋಕಟ್ಸ್ ಎಂಬ ಮೂಲನಿವಾಸಿ ಬುಡಕಟ್ಟಿನ ನಾಯಕ ಎಸ್ಟಾನಿಸ್ಲಾವೊನ ಕಥೆಯನ್ನು ಮಗಳಿಗೆ ನಾನೇ ಹೇಳಿದೆ. ಸ್ಟ್ಯಾನಿಸ್ಲಾಸ್ ನದಿಗೆ ಅವನದೇ ಹೆಸರು. ಹತ್ತಿರದ, ಇಲ್ಲಿನ ಮೂಲನಿವಾಸಿಗಳಾದ ಓಲೋನಿ ಜನರ ಸ್ಮಶಾನವನ್ನು ಮಾತ್ರ ತಪ್ಪಿಸಬೇಡಿ. ಮಿಷನ್ ಕಟ್ಟಲು ನೆರವಾದ ನಾಲ್ಕು ಸಾವಿರ ಜನ ಇಲ್ಲಿ ಮಲಗಿದ್ದಾರೆ ಎಂದು ಕಲ್ಲಿನ ಮೇಲೆ ಬರೆದಿದೆ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದ ವಿಷಯ ಆ ಕಲ್ಲಿನ ಮೇಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಡೊಲೊರೆಸ್‌ನದು ನಿಜವಾಗಿ ಹಳೇ ಕಟ್ಟಡ. ಓಲೋನಿ ಜನ ಗೋಡೆಗೆ ಬರೆದ ಚಿತ್ರ ಬಲಿಪೀಠದ ಹಿಂದೆ ಮುಚ್ಚಿಹೋಗಿದೆ. ಪಾರ್ಕಿಂಗ್ ಕಷ್ಟ.

ಸ್ಯಾಂಟಾ ಕ್ರೂಜ್‌ನಲ್ಲಿ ಚರ್ಚಿಗಿಂತ ಪಕ್ಕದ ಸ್ಟೇಟ್ ಪಾರ್ಕಿನ ಹಸಿ ಇಟ್ಟಿಗೆಯ ಸಾಲುಮನೆ ನೋಡಿ. 1820ರ ದಶಕದ್ದು. ಓಲೋನಿ, ಯೋಕಟ್ಸ್ ಸಂಸಾರಗಳು ಬದುಕಿದ ಕೋಣೆಗಳು ಅವು. ಮಗಳು ಇಲ್ಲಿ ಕೇಳಿದಷ್ಟು ಪ್ರಶ್ನೆ ಇನ್ನೆಲ್ಲೂ ಕೇಳಲಿಲ್ಲ: ಎಷ್ಟು ಜನ ಮಲಗುತ್ತಿದ್ದರು, ಅಡುಗೆ ಎಲ್ಲಿ, ಯಾರೂ ಎದುರು ಮಾತಾಡಲಿಲ್ವಾ? ಮಾತಾಡಿದ್ದರು. ಚಾಟಿಗೆ ಕುಖ್ಯಾತನಾದ ಪಾದ್ರಿ ಕ್ವಿಂಟಾನಾನನ್ನು 1812ರಲ್ಲಿ ಇಲ್ಲಿನವರೇ ಕೊಂದರು. ಅಪ್ಪನಿಂದ ಕೇಳಿದ ಆ ಸಂಗತಿಯನ್ನು ಇದೇ ಮಿಷನ್‌ನಲ್ಲಿ ಹುಟ್ಟಿದ ಮೂಲನಿವಾಸಿ ಲೊರೆಂಜೊ ಅಸಿಸಾರಾ 1877ರಲ್ಲಿ ಹೇಳಿ ಬರೆಸಿದ್ದಾನೆ. ಪಾದ್ರಿಗಳ ಕಾಗದಪತ್ರ ರಾಶಿ ಬಿದ್ದಿರುವಾಗ ಇಂಥ ದನಿ ಸಿಗುವುದು ಅಪರೂಪ.

ಮಿಷನ್‌ಗಳನ್ನು ಜೋಡಿಸುವ ಎಲ್ ಕಮೀನೊ ರಿಯಾಲ್ ರಸ್ತೆಯಲ್ಲಿ ಕಂಬಕ್ಕೆ ತೂಗುಬಿಟ್ಟ ಗಂಟೆಗಳನ್ನು ಬೇ ಏರಿಯಾದ ನಾವೆಲ್ಲ ನೋಡಿದ್ದೇವೆ, ಅಲ್ವಾ? ಮಿಷನ್‌ನಲ್ಲಿ ಏಳುವುದು, ದುಡಿಯುವುದು, ಪ್ರಾರ್ಥನೆ ಎಲ್ಲಾ ಗಂಟೆಯ ಪ್ರಕಾರವೇ. ಹಾಗಾಗಿ ಮಿಷನ್‌ಗಳಲ್ಲಿ ದುಡಿದ ಮೂಲನಿವಾಸಿಗಳ ವಂಶದವರಾದ ಅಮಾ ಮುತ್ಸುನ್ ಜನರಿಗೆ ಅದು ಅಲಂಕಾರವಲ್ಲ, ಜೀತದ ಗುರುತು. ಅವರ ಒತ್ತಾಯದ ಮೇಲೆ ಸ್ಯಾಂಟಾ ಕ್ರೂಜ್ ನಗರ 2021ರಲ್ಲಿ ಗಂಟೆ ಇಳಿಸಿತು. ತೆಗೆದರೆ ಇತಿಹಾಸ ಅಳಿಸಿದಂತೆ ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಗಂಟೆ ಕಂಬಗಳು ರಸ್ತೆಗೆ ಬಂದದ್ದೇ 1906ರಿಂದ ಈಚೆಗೆ, ಕಾರಿನಲ್ಲಿ ಬರುವ ಪ್ರವಾಸಿಗಳ ಕಾಲದಲ್ಲಿ.

ಒಂದೇ ದಿನ ಬಿಡುವಿದ್ದರೆ ಸ್ಯಾಂಟಾ ಕ್ರೂಜ್‌ಗೇ ಹೋಗಿ. ಫ್ರೀಮಾಂಟಿನದು ಆಮೇಲೆ, ಸ್ಮಶಾನವನ್ನೂ ಸೇರಿಸಿಕೊಂಡು. ಡೊಲೊರೆಸ್ ಆ ಕಡೆ ಬೇರೆ ಕೆಲಸ ಇದ್ದಾಗ ಸಾಕು.