ಕೌಂಟಿ ಜೈಲ್ ಮೆಡಿಕಲ್ ಸರ್ವಿಸ್: ಐದಕ್ಕೆ ಎರಡು ಸ್ಟಾರ್, ಅದೂ ನರ್ಸ್‌ಗೋಸ್ಕರ

ಅಮೆರಿಕದಲ್ಲಿ ನಮ್ಮ ಕಸಿನ್ ಒಬ್ಬ ಸ್ವಲ್ಪ ದಿನ ಕೌಂಟಿ (ಅಂದ್ರೆ ಅಲ್ಲಿನ ಜಿಲ್ಲೆ) ಜೈಲಲ್ಲಿದ್ದ (ಕೇಸ್ ಏನು ಅಂತ ಕೇಳ್ಬೇಡಿ), ಶುಗರ್ ಪೇಷಂಟ್ ಬೇರೆ. ಒಳಗೆ ಹೋದ ತಕ್ಷಣ ಸ್ಕ್ರೀನಿಂಗ್ ಮಾಡಿದ್ರು, ಅದು ಓಕೆ, ಆದ್ರೆ ಆಮೇಲೆ ಏನೇ ಆದ್ರೂ ಸಿಕ್ ಕಾಲ್ ಫಾರ್ಮ್ (ಹುಷಾರಿಲ್ಲ, ತೋರಿಸ್ಬೇಕು ಅನ್ನೋ ಅರ್ಜಿ) ಬರೆದು ಹಾಕಿ ಕಾಯ್ತಾ ಕೂರ್ಬೇಕು, ಇನ್ಸುಲಿನ್ ಬಂದಾಗ ಊಟ ಇಲ್ಲ ಊಟ ಬಂದಾಗ ಇನ್ಸುಲಿನ್ ಇಲ್ಲ, ಕೇಳಿದ್ರೆ ಡೆಪ್ಯುಟಿ (ಜೈಲಿನ ಕಾವಲು ಸಿಬ್ಬಂದಿ), ಮೆಡಿಕಲ್‌ನವ್ರನ್ನ ಕೇಳು ಅಂತಾನೆ ಅವ್ರು ಡೆಪ್ಯುಟಿನ ಕೇಳು ಅಂತಾರೆ. ಜೈಲು ಶೆರಿಫ್‌ದು (ಕೌಂಟಿ ಪೊಲೀಸ್ ಮುಖ್ಯಸ್ಥನದು), ಟ್ರೀಟ್‌ಮೆಂಟ್ ಪ್ರೈವೇಟ್ ಕಂಪನಿ ಕಾಂಟ್ರಾಕ್ಟು, ಇನ್ನೇನಾಗುತ್ತೆ. ನೈಟ್ ಶಿಫ್ಟ್ ನರ್ಸ್ ಒಬ್ರು ಮಾತ್ರ ಚೆನ್ನಾಗಿ ನೋಡ್ಕೊಂಡ್ರಂತೆ.

1976ರಲ್ಲೇ ಎಸ್ಟೆಲ್ ವರ್ಸಸ್ ಗ್ಯಾಂಬಲ್ ಕೇಸಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ, ಕೈದಿಯ ಗಂಭೀರ ಕಾಯಿಲೆನ ಗೊತ್ತಿದ್ದೂ ಕಡೆಗಣಿಸಿದ್ರೆ ಸಂವಿಧಾನದ ಉಲ್ಲಂಘನೆ ಅಂತ. ಆದ್ರೆ ಚೆಕ್ ಮಾಡೋರು ಯಾರು? ಎನ್‌ಸಿಸಿಎಚ್‌ಸಿ (ಜೈಲುಗಳ ಆರೋಗ್ಯ ಸೇವೆಗೆ ಮಾನದಂಡ ಹಾಕೋ ಸಂಸ್ಥೆ) ಮಾನ್ಯತೆ ತಗೊಳ್ಳೋದು ಸಾಮಾನ್ಯವಾಗಿ ಜೈಲಿನವ್ರ ಇಷ್ಟ. ಟೆಕ್ಸಾಸಲ್ಲಿ 1975ರಿಂದ ಜೈಲುಗಳನ್ನ ತಪಾಸಣೆ ಮಾಡೋ ಜೈಲ್ ಕಮಿಷನ್ ಇದೆ, ಎಲ್ಲಾ ಸ್ಟೇಟಲ್ಲೂ ಅಂಥದ್ದಿಲ್ಲ. ಒಳಗಿದ್ದಾಗ ಮೆಡಿಕೇಡ್ (ಬಡವರಿಗಿರೋ ಸರ್ಕಾರಿ ಆರೋಗ್ಯ ವಿಮೆ) ಕೂಡ ಬಹುಮಟ್ಟಿಗೆ ದುಡ್ಡು ಕೊಡಲ್ಲ, ಖರ್ಚೆಲ್ಲ ಕೌಂಟಿ ತಲೆಗೆ, ಅವ್ರು ಉಳಿಸೋಕೇ ನೋಡ್ತಾರೆ.

ನಿಮ್ಮವ್ರು ಯಾರಾದ್ರೂ ಒಳಗಿದ್ರೆ ಪ್ರಿಸ್ಕ್ರಿಪ್ಷನ್ ಬರಹದಲ್ಲೇ ಕಳ್ಸಿ, ಗ್ರೀವೆನ್ಸ್ ಫಾರ್ಮ್ (ಜೈಲಿಗೇ ಕೊಡೋ ದೂರು) ಹಾಕಿಸಿ ಕಾಪಿ ಇಟ್ಕೊಳ್ಳಿ, 1996ರ ಕಾನೂನು ಪ್ರಕಾರ ಆ ದೂರಿನ ಪ್ರಕ್ರಿಯೆ ಮುಗಿಸ್ದೆ ಒಳಗಿದ್ದುಕೊಂಡು ಫೆಡರಲ್ ಕೋರ್ಟಿಗೆ ಹೋದ್ರೆ ಕೇಸ್ ನಿಲ್ಲೋದೇ ಕಷ್ಟ.