ರ‍್ಯಾಮ್ ಸತ್ತಿತ್ತು, ದೀಪ ಮಾತ್ರ ಹೊಳೆಯುತ್ತಿತ್ತು: ಆರ್‌ಜಿಬಿ ಸಾಫ್ಟ್‌ವೇರ್ ಹಾಕುವ ಮುಂಚೆ ಇದನ್ನು ಓದಿ

ನಮ್ಮದು ಕಾಸರಗೋಡಿನ ಬದಿಯಡ್ಕದಲ್ಲಿ ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಯಕ್ಷಗಾನದ ಕರಪತ್ರ, ದೇವಸ್ಥಾನದ ಆಮಂತ್ರಣ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಇಂಥ ಅಂಗಡಿಯ ಕಂಪ್ಯೂಟರಿಗೆ ಆರ್‌ಜಿಬಿ ಅನ್ನುವ ಬಣ್ಣದ ದೀಪ ಯಾಕೆ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಹಳೆಯದು ಕೆಟ್ಟಾಗ ಹೊಸದನ್ನು ಜೋಡಿಸಿಕೊಟ್ಟವನು ಅಕ್ಕನ ಮಗ. "ಮಾವ, ದೀಪ ಇರುವ ರ‍್ಯಾಮ್‌ಗೂ ಇಲ್ಲದ್ದಕ್ಕೂ ಮುನ್ನೂರು ರೂಪಾಯಿ ವ್ಯತ್ಯಾಸ ಅಷ್ಟೇ, ಇದೇ ಇರಲಿ" ಅಂದ. ಇರಲಿ ಅಂದೆ.

ಮದರ್‌ಬೋರ್ಡ್ ಕಂಪನಿಯದ್ದೇ ಒಂದು ದೀಪದ ಸಾಫ್ಟ್‌ವೇರ್ ಇತ್ತು. ಹೆಸರು ಬೇಡ. ಬಣ್ಣ ಬದಲಿಸುವ ಕೆಲಸಕ್ಕೆ ಅದು ನಾಲ್ಕೈದು ಪ್ರೋಗ್ರಾಂ ತಂದು ತುಂಬಿಸುತ್ತಿತ್ತು. ಬೆಳಿಗ್ಗೆ ಯಂತ್ರ ಹಾಕಿದರೆ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಬರುವಷ್ಟು ಹೊತ್ತು ಬೇಕಿತ್ತು. ದೀಪವಾದರೂ ನಿಲ್ಲುತ್ತಿತ್ತಾ? ಇಲ್ಲ. ಜಾತ್ರೆಯ ಜಯಂಟ್ ವೀಲ್ ಹಾಗೆ ಬಣ್ಣ ಸುತ್ತುತ್ತಲೇ ಇರುತ್ತಿತ್ತು. ಪ್ರೂಫ್ ನೋಡುವವನಿಗೆ ಕಣ್ಣ ಪಕ್ಕದಲ್ಲಿ ಅದು ಎಂಥ ಹಿಂಸೆ ಅಂತ ಕೂತವರಿಗೇ ಗೊತ್ತು. ನನಗೆ ಬೇಕಾದದ್ದು ಒಂದೇ, ಸುಮ್ನೆ ಬಿಳಿ ಬೆಳಕು.

ಆಗ ಓಪನ್‌ಆರ್‌ಜಿಬಿ ಬಗ್ಗೆ ತಿಳಿಯಿತು. ಬೇರೆ ಬೇರೆ ಕಂಪನಿಯ ದೀಪಗಳನ್ನು ಒಂದೇ ಕಡೆಯಿಂದ ಹಿಡಿತಕ್ಕೆ ತರುವ, ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್. ಜಿಪಿಎಲ್ ಪರವಾನಗಿ, ಕಾಸಿಲ್ಲ, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಒಳ್ಳೆಯ ಸಾಫ್ಟ್‌ವೇರ್, ಈಗಲೂ ಹಾಗೇ ಹೇಳುತ್ತೇನೆ. ಕೆಟ್ಟದ್ದು ನಾನು ಅದನ್ನು ಹಾಕಿದ ರೀತಿ.

ಮೊದಲ ತಪ್ಪು, ಅದರ ಸ್ವಂತ ತಾಣಕ್ಕೆ ಹೋಗಲೇ ಇಲ್ಲ. ಒಂದು ವಿಡಿಯೋ ನೋಡಿದೆ, ಕೆಳಗಿದ್ದ ಲಿಂಕ್ ಒತ್ತಿದೆ. ಬಂದದ್ದು ಯಾವುದೋ ಹಳೆಯ ಆವೃತ್ತಿ, ಅದೂ ಬೇರೆ ಯಾರೋ ಕಟ್ಟಿ ಇಟ್ಟದ್ದು. ತೆರೆದ ಕೂಡಲೇ ವಿಂಡೋಸ್‌ನದ್ದೇ ವೈರಸ್ ಕಾವಲುಗಾರ ಡಿಫೆಂಡರ್ ಕೂಗಿತು. ವಿನ್‌ರಿಂಗ್0 ಎಂಬ ಡ್ರೈವರ್ ಇದೆ, ಅಪಾಯ ಅಂತ. ವಿಡಿಯೋದವನು ಅದಕ್ಕೂ ಉತ್ತರ ಇಟ್ಟಿದ್ದ: "ಏನೂ ಆಗಲ್ಲ, ಡಿಫೆಂಡರ್ ಆಫ್ ಮಾಡಿ." ಮಾಡಿದೆ!

ಆ ಕೂಗು ಸುಳ್ಳಲ್ಲ ಅಂತ ಆಮೇಲೆ ಓದಿಕೊಂಡೆ. ವಿನ್‌ರಿಂಗ್0 ಅಂದರೆ ಸಾಮಾನ್ಯ ಪ್ರೋಗ್ರಾಂಗಳಿಗೆ ಯಂತ್ರದ ಒಳಮನೆಯ ಬಾಗಿಲು ತೆಗೆದುಕೊಡುವ ಡ್ರೈವರ್. ಫ್ಯಾನ್, ತಾಪ, ದೀಪ ನೋಡುವ ಎಷ್ಟೋ ಪ್ರೋಗ್ರಾಂಗಳು ಅದನ್ನೇ ನಂಬಿದ್ದವು. ಅದರಲ್ಲಿ ಲೋಪ ಇದೆ ಅಂತ 2020ರಲ್ಲೇ ದಾಖಲಾಗಿತ್ತು. 2025ರಲ್ಲಿ ಡಿಫೆಂಡರ್ ಅದನ್ನು ಹಿಡಿಯಲು ಶುರು ಮಾಡಿತು. ಓಪನ್‌ಆರ್‌ಜಿಬಿಯವರೂ 1.0ರ ಸಾಲಿಗೆ ಬರುವಾಗ ಅದನ್ನು ಬಿಟ್ಟು ಪಾನ್‌ಐಒ ಎಂಬ ಬೇರೆ ಡ್ರೈವರಿಗೆ ಹೋದರು. ಹೊಸದನ್ನು ಇಳಿಸಿಕೊಂಡಿದ್ದರೆ ಆ ಜಗಳವೇ ಇರುತ್ತಿರಲಿಲ್ಲ.

ಎರಡನೆಯದು ದೊಡ್ಡ ತಪ್ಪು. ರ‍್ಯಾಮ್‌ನ ದೀಪ ಓಪನ್‌ಆರ್‌ಜಿಬಿ ತೋರಿಸುವ ಸಾಧನಗಳ ಪಟ್ಟಿಯಲ್ಲಿ ಕಾಣಲಿಲ್ಲ. ವಿಡಿಯೋದವನು, ಬಯಾಸ್‌ಗೆ (ವಿಂಡೋಸ್ ಏಳುವ ಮುಂಚೆ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಹೋಗಿ 'ಎಸ್‌ಪಿಡಿ ರೈಟ್ ಡಿಸೇಬಲ್' ಅನ್ನೋದನ್ನು ತೆಗೆಯಿರಿ ಅಂದ. ಅದು ಏನು, ಯಾಕೆ ಇದೆ ಅಂತ ಒಂದು ಮಾತು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ನನ್ನ ರ‍್ಯಾಮ್ ಹೋದದ್ದು ಇಲ್ಲೇ. ಪ್ರತಿ ರ‍್ಯಾಮ್ ಪಟ್ಟಿಯ ಮೇಲೂ ಎಸ್‌ಪಿಡಿ ಅಂತ ಒಂದು ಪುಟ್ಟ ಚಿಪ್ ಇರುತ್ತದೆ. ಡಿಡಿಆರ್4 ಎಂಬ ತಲೆಮಾರಿನ ರ‍್ಯಾಮ್‌ನಲ್ಲಿ ಅದರ ಹೊಟ್ಟೆ ಬರೇ 512 ಬೈಟ್. ಅದು ರ‍್ಯಾಮ್‌ನ ಜಾತಕ ಅಂತಿಟ್ಟುಕೊಳ್ಳಿ. ಎಷ್ಟು ಜಿಬಿ, ಎಷ್ಟು ವೇಗ, ಎಲ್ಲ ಅದರಲ್ಲಿ. ಯಂತ್ರ ಏಳುವಾಗ ಮದರ್‌ಬೋರ್ಡ್ ಮೊದಲು ಈ ಜಾತಕ ಓದುತ್ತದೆ, ಆಮೇಲೆಯೇ ಮುಂದಿನ ಮಾತು. ದೀಪ ಕುಣಿಸುವ ಚಿಪ್ಪೂ ಅದೇ ಪಟ್ಟಿಯ ಮೇಲೆ, ಅದೇ ಎಸ್‌ಎಂಬಸ್ ಎಂಬ ತಂತಿಯಲ್ಲಿ ಕೂತಿರುತ್ತದೆ. ಒಂದೇ ಓಣಿ, ಅಕ್ಕಪಕ್ಕ ಎರಡು ಮನೆ. ಬಣ್ಣ ಬದಲಿಸು ಅಂತ ಬರೆದ ಕಾಗದ ವಿಳಾಸ ತಪ್ಪಿ ಪಕ್ಕದ ಮನೆಗೆ ಹೋದರೆ ಜಾತಕದ ಮೇಲೇ ಗೀಚಿದ ಹಾಗಾಗುತ್ತದೆ. ಹಾಗಾಗಬಾರದು ಅಂತಲೇ ಬಯಾಸ್‌ನಲ್ಲಿ ಆ ಬೀಗ. ನಾನು ಬೀಗ ತೆಗೆದು ಕೂತಿದ್ದೆ.

ಇಷ್ಟಾದರೂ ಬಚಾವಾಗುತ್ತಿದ್ದೆನೇನೋ. ಆದರೆ ಕಂಪನಿಯ ಸಾಫ್ಟ್‌ವೇರನ್ನು ತೆಗೆದಿರಲಿಲ್ಲ. ಕಿಟಕಿ ಮುಚ್ಚಿದ್ದೆ, ಅದು ಹಿಂದೆ, ಅದೇ ಓಣಿಯಲ್ಲಿ, ಓಡುತ್ತಲೇ ಇತ್ತು. ಓಪನ್‌ಆರ್‌ಜಿಬಿಯ ಆ ಹಳೆಯ ಆವೃತ್ತಿಯಲ್ಲಿ ಬಿಳಿ ಅಂತ ಒತ್ತಿದೆ. ಎರಡು ಪಟ್ಟಿಯಲ್ಲಿ ಒಂದು ಬಿಳಿಯಾಯಿತು. ಇನ್ನೊಂದರ ಅರ್ಧ ಬಿಳಿ, ಅರ್ಧ ಹಸಿರು. ಮತ್ತೆ ಒತ್ತಿದೆ. ಹಸಿರು ಕೆಂಪಾಯಿತು. ಮೂರನೆಯ ಸಲ ಒತ್ತಿದಾಗ ಮೌಸ್ ನಿಂತಿತು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಹಾಕಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು. ಬೋರ್ಡಿನ ಮೂಲೆಯಲ್ಲಿ 'ಡಿರ‍್ಯಾಮ್' ಅಂತ ಬರೆದಲ್ಲಿ ಸಾಸಿವೆ ಗಾತ್ರದ ಹಳದಿ ದೀಪ.

ಮೊದಲು ಕರೆಂಟಿಗೆ ಬೈದೆ, ನಮ್ಮಲ್ಲಿ ಅದು ಅಭ್ಯಾಸ. ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ರ‍್ಯಾಮ್ ತೆಗೆದು, ಶಾಲೆ ಮಕ್ಕಳ ರಬ್ಬರಿನಿಂದ ಚಿನ್ನದ ಬಣ್ಣದ ಕಾಲುಗಳನ್ನು ಉಜ್ಜಿ, ಒಂದೊಂದೇ ಹಾಕಿ ನೋಡಿದೆ. ಒಂದು ಪಟ್ಟಿ ಯಾವ ಸ್ಲಾಟಿಗೆ ಹಾಕಿದರೂ ಯಂತ್ರ ಎದ್ದಿತು. ಇನ್ನೊಂದನ್ನು ಎಲ್ಲಿಟ್ಟರೂ ಕಪ್ಪು. ಹೊಟ್ಟೆ ಉರಿಸಿದ್ದು ಏನು ಗೊತ್ತಾ? ಆ ಸತ್ತ ಪಟ್ಟಿಯ ದೀಪ ಚೆನ್ನಾಗಿಯೇ ಇತ್ತು. ಕೆಂಪು, ನೀಲಿ, ನೇರಳೆ, ಸಾಲಾಗಿ ಓಡುತ್ತಿತ್ತು. ದೀಪಕ್ಕೆ ಕರೆಂಟ್ ಸಾಕು, ಜಾತಕ ಬೇಡ.

ಅದು ಜನವರಿ. ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ನನ್ನ ಕೈಯಲ್ಲಿತ್ತು. ಕನ್ನಡದ ಪುಟ ಮುಗಿದಿತ್ತು, ಮಲಯಾಳದ್ದು ಬಾಕಿ. ಸಮಿತಿಯವರು ದಿನಕ್ಕೆ ಎರಡು ಸಲ ಫೋನ್. "ಎಂತ ಮಾರಾಯ್ರೆ, ಪ್ರೂಫ್ ಆಯ್ತಾ?" ಫೈಲ್ ಎಲ್ಲ ಹಾಗೇ ಇತ್ತು, ಪುಣ್ಯ. ಆದರೆ ಅರ್ಧ ರ‍್ಯಾಮ್‌ನಲ್ಲಿ ದೇವಸ್ಥಾನದ ದೊಡ್ಡ ಫೋಟೋ ತೆರೆದರೆ ಯಂತ್ರ ಏದುಸಿರು ಬಿಡುತ್ತಿತ್ತು. ರಾತ್ರಿ ಒಂದು ಗಂಟೆವರೆಗೆ ಕೂತು ಮುಗಿಸಿದೆ.

ರ‍್ಯಾಮ್ ಕೊಂಡದ್ದು ಮಂಗಳೂರಿನಲ್ಲಿ. ತಲಪಾಡಿ ದಾಟಿ ಮೂರು ಸಲ ಹೋಗಿ ಬಂದೆ. ಅಂಗಡಿಯ ರಿಪೇರಿ ಹುಡುಗ ಪಟ್ಟಿಯ ಎಸ್‌ಪಿಡಿ ಓದಿ ಪರದೆ ನನ್ನ ಕಡೆ ತಿರುಗಿಸಿದ. "ನೋಡಿ ಅಣ್ಣ, ಮೊದಲ ಸಾಲಿನಲ್ಲೇ ಕಸ ತುಂಬಿದೆ. ದೀಪದ ಎರಡು ಸಾಫ್ಟ್‌ವೇರ್ ಒಟ್ಟಿಗೆ ಓಡಿಸಿದ್ರಾ?" ಮೂರನೆಯ ಮಾತಿಗೇ ಹಿಡಿದ. ಇಂಥದ್ದು ಅವನಲ್ಲಿಗೆ ಆಗಾಗ ಬರುತ್ತದಂತೆ. ವಾರಂಟಿಗೆ ಕಳಿಸಿದ್ದು ವಾಪಸು ಬರಲು 24 ದಿನ ಹಿಡಿಯಿತು.

ನೀವು ಹಾಕುವುದಾದರೆ ಕಂಪನಿಯ ಸಾಫ್ಟ್‌ವೇರನ್ನು ಪೂರ್ತಿ ತೆಗೆದು, ಒಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲೆ ಹಾಕಿ. ತಾಪ, ವೋಲ್ಟೇಜ್ ತೋರಿಸುವ ಪ್ರೋಗ್ರಾಂಗಳೂ ಇದೇ ಓಣಿಯಲ್ಲಿ ಓಡಾಡುತ್ತವೆ, ಅವನ್ನೂ ಮುಚ್ಚಿ. ಅದಕ್ಕೂ ಮುಂಚೆ ಓಪನ್‌ಆರ್‌ಜಿಬಿಯ ತಾಣದಲ್ಲಿ ಯಾವ ಯಾವ ಸಾಧನಕ್ಕೆ ಆಗುತ್ತದೆ ಅನ್ನುವ ಪಟ್ಟಿ ನೋಡಿ. ನಿಮ್ಮ ಮಾಡೆಲ್ ಅಲ್ಲಿ ಇಲ್ಲ ಅಂದರೆ ಅಲ್ಲಿಗೇ ಬಿಡಿ. ಕಂಪನಿಗಳು ಈ ದೀಪಗಳ ಭಾಷೆ ಹೇಳಿಕೊಡದೆ ಇರುವಾಗ, ಇವರು ಹೊರಗಿನಿಂದ ನೋಡಿ ನೋಡಿ ಕಲಿತದ್ದು. ಹಾರ್ಡ್‌ವೇರಿಗೆ ಅಪಾಯ ಇರಬಹುದು ಅಂತ ಅವರೇ ಮೊದಲ ಪುಟದಲ್ಲಿ ಬರೆದಿದ್ದಾರೆ, ಹಿಂದೆ ಪೆಟ್ಟು ಬಿದ್ದದ್ದನ್ನೂ ಮುಚ್ಚಿಟ್ಟಿಲ್ಲ. ಓದದೆ ಹೋದವನು ನಾನು. ಇನ್ನೊಂದು ಗೊಂದಲ: ಪುಕ್ಕಟೆ ಸಿಗುವುದೆಲ್ಲ ಓಪನ್ ಸೋರ್ಸ್ ಅಲ್ಲ. ಸಿಗ್ನಲ್‌ಆರ್‌ಜಿಬಿ ಪುಕ್ಕಟೆ ಇಳಿಸಿಕೊಳ್ಳಬಹುದು, ಓಪನ್ ಸೋರ್ಸ್ ಅಲ್ಲ.

ಲಿನಕ್ಸ್‌ನವರು ನಗಬೇಡಿ. ರ‍್ಯಾಮ್ ದೀಪಕ್ಕೆ ಅಲ್ಲೂ ಐ2ಸಿ ಎಂಬ ಡ್ರೈವರ್ ತುಂಡು (ಮಾಡ್ಯೂಲ್) ಹಾಕಿ ಇದೇ ತಂತಿಗೆ ಕೈ ಹಾಕಬೇಕು. ಯಂತ್ರ ಏಳುವಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕೊಡುವ ಸೂಚನೆಯ ಸಾಲಿಗೆ (ಬೂಟ್ ಸಾಲು) ಕಣ್ಣು ಮುಚ್ಚಿ 'ಲ್ಯಾಕ್ಸ್' ಅಂತ ಸೇರಿಸಿದರೆ ಕರ್ನಲ್ ಇಟ್ಟ ಕಾವಲನ್ನು ಸಡಿಲ ಮಾಡಿದ ಹಾಗೆಯೇ. ಬರೇ ರೇಜರ್ ಕಂಪನಿಯ ಕೀಬೋರ್ಡ್, ಮೌಸ್ ಇದ್ದವರಿಗೆ ಓಪನ್‌ರೇಜರ್ ಸಾಕು. ನೀರಿನ ಕೂಲರ್ ಇದ್ದವರಿಗೆ ಲಿಕ್ವಿಡ್‌ಸಿಟಿಎಲ್ ಇದೆ. ಅವು ಹೆಚ್ಚಾಗಿ ಯುಎಸ್‌ಬಿ ಮೇಲೆ ಮಾತಾಡುವವು, ರ‍್ಯಾಮ್‌ನ ಜಾತಕದ ಹತ್ತಿರ ಸುಳಿಯುವುದಿಲ್ಲ.

ಈಗ ನನ್ನ ಯಂತ್ರದಲ್ಲಿ ಓಪನ್‌ಆರ್‌ಜಿಬಿಯ ಹೊಸ ಆವೃತ್ತಿ ಇದೆ, ಒಂದೇ ಇದೆ. ಡಿಫೆಂಡರ್ ಆನ್, ಬಯಾಸ್‌ನ ಬೀಗ ಮತ್ತೆ ಹಾಕಿದೆ. ಸೆಟ್ಟಿಂಗ್ಸ್‌ನಲ್ಲಿ ಸಾಧನಗಳ ಪಟ್ಟಿ ಇರುತ್ತದೆ, ಅದರಲ್ಲಿ ರ‍್ಯಾಮ್‌ನ ಸಾಲುಗಳ ಟಿಕ್ ಎಲ್ಲ ತೆಗೆದಿದ್ದೇನೆ. ಕೀಬೋರ್ಡ್ ಮಾತ್ರ ಬಿಳಿ. ರ‍್ಯಾಮ್‌ನ ಬಣ್ಣ ಈಗಲೂ ಓಡುತ್ತಲೇ ಇದೆ. ಕ್ಯಾಬಿನೆಟ್‌ನ ಗಾಜಿನ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ.