ಬೈಂಡಿಂಗ್‌ಗೆ ಐದು ಸ್ಟಾರ್, ಹೇಳಿದ ದಿನಕ್ಕೆ ಎರಡೇ

ಅಮ್ಮನ ಸತ್ಯವೇದದ (ಬೈಬಲ್) ಬೆನ್ನು ಕಿತ್ತು ಹೋಗಿತ್ತು. ಎರಡು ವರ್ಷದ ಹಿಂದೆ ಒಂದು ಕಡೆ ಒಂದೇ ದಿನದಲ್ಲಿ ಬೈಂಡ್ ಮಾಡಿಸಿದ್ದೆ. ಅವರು ಪಕ್ಕದಿಂದ ಹೊಲಿಗೆ ಹಾಕಿ ಒಳಗಿನ ಅಕ್ಷರಗಳನ್ನೇ ನುಂಗಿಹಾಕಿದ್ದರು. ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳೋದು.

ಈ ಸಲ ಶಿವಮೊಗ್ಗದ ಗಾಂಧಿ ಬಜಾರಿನ ಆಚೆ, ಒಂದು ಗಲ್ಲಿಯಲ್ಲಿರುವ ಹಳೇ ಬೈಂಡರ್‌ಗೆ ಕೊಟ್ಟೆ. ದೂರೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ಜುಲೈ ಮೊದಲ ವಾರ. "ಮುಂದಿನ ಶುಕ್ರವಾರ ಬನ್ನಿ ಸರ್" ಅಂದರು. ನಾವಿರೋದು ತೀರ್ಥಹಳ್ಳಿ. ಬಸ್ಸಲ್ಲಿ ಹೋಗಿ ಬಂದರೆ ಅರ್ಧ ದಿನ ಹೋಯಿತು. ಹೋಗಿ ನೋಡಿದರೆ ಪುಸ್ತಕ ಕಂತೆ ಕಂತೆಯಾಗಿ ಬಿಚ್ಚಿ ಕೂತಿದೆ. "ಮಳೆ ಹಿಡಿದಿದೆ, ಅಂಟು ಒಣಗ್ತಿಲ್ಲ." ಹೀಗೇ ಮೂರು ಶುಕ್ರವಾರ.

"ವಾಪಸ್ ತಂದು ಜೆರಾಕ್ಸ್ ಅಂಗಡೀಲಿ ಕೊಡ್ತೀನಿ" ಅಂತ ಮನೆಯಲ್ಲಿ ಕೂಗಾಡಿದೆ.

"ಅಬ್ರಹಾಮನೂ ಹೀಗೇ ಅವಸರ ಮಾಡಿದ್ದು" ಅಂದಳು ಅಮ್ಮ. ಸತ್ಯವೇದದ ಆ ಕಥೆಯ ಲೆಕ್ಕ ಅವಳಿಗೆ ಬಾಯಿಪಾಠ. ದೇವರ ಮಾತು ನಂಬಿ ಖಾರಾನ್ ಊರು ಬಿಟ್ಟಾಗ ಅಬ್ರಹಾಮನಿಗೆ 75. ಕಾದು ಸಾಕಾಗಿ, ಹೆಂಡತಿ ಸಾರಳ ಮಾತು ಕೇಳಿ, ಅವಳ ದಾಸಿ ಹಾಗರಳಿಂದ ಇಷ್ಮಾಯೇಲನನ್ನು ಪಡೆದಾಗ 86. ದೇವರು ಮಾತು ಕೊಟ್ಟಿದ್ದ ಮಗ ಇಸಾಕ ಹುಟ್ಟಿದ್ದು 100ಕ್ಕೆ.

"ಹಾಗಾದ್ರೆ ಬೈಂಡರ್ ಮಾಡಿದ್ದು ಸರೀನಾ?"

"ಸರಿ ಅಂತ ಯಾರಂದ್ರು? ಊರು ಬಿಟ್ಟು ಹೊರಡು ಅಂದಾಗ ದೇವರು ಅವನಿಗೆ ಶುಕ್ರವಾರ ಬಾ ಅಂದಿರಲಿಲ್ಲ. ಇವರು ಅಂದಿದಾರೆ. ಹೋಗಿ ಕೇಳು. ಪುಸ್ತಕ ಕಿತ್ಕೊಂಡು ಬರಬೇಡ, ಅಷ್ಟೇ."

ಸೆಪ್ಟೆಂಬರಿನಲ್ಲಿ ಕೈಗೆ ಬಂತು. ಕೆಲಸ ಮಾತ್ರ ಅಚ್ಚುಕಟ್ಟು. ಹಳೇ ಹೊಲಿಗೆಯನ್ನೆಲ್ಲ ಬಿಚ್ಚಿ, ಒಂದೊಂದು ಕಂತೆಗೂ ಮಡಿಕೆಯಲ್ಲಿ ಸೂಜಿ ದಾರ ಹಾಕಿದ್ದಾರೆ. ಈಗ ಎಲ್ಲಿ ತೆರೆದರೂ ಚಪ್ಪಟೆಯಾಗಿ ಮಲಗುತ್ತದೆ. ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದ್ದಾರಂತೆ, ಹುಳ ಹಿಡಿಯಬಾರದು ಅಂತ. ನಾವು ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಅಡಿಕೆಗೆ ಹೊಡೆಯುತ್ತೇವಲ್ಲ, ಅದೇ ಮೈಲುತುತ್ತ! ಕಪ್ಪು ರೆಕ್ಸಿನ್ ರಟ್ಟು, 450 ರೂಪಾಯಿ. ಮೇಲಂಚು ಸ್ವಲ್ಪ ಜಾಸ್ತಿ ಕತ್ತರಿಸಿದ್ದಾರೆ, ಅದೊಂದು ಬೇಜಾರು.

ಆದರೆ ನಾನು ಇದನ್ನು ಬರೆಯಲು ಕೂತಿದ್ದು ಬೇರೆ ಕಾರಣಕ್ಕೆ. ನಮ್ಮ ಚರ್ಚಲ್ಲಿ ಹೊಸ ವರ್ಷದ ಆರಾಧನೆಯಲ್ಲಿ ಒಬ್ಬೊಬ್ಬರೂ ಒಂದು ವಾಗ್ದಾನದ ಚೀಟಿ, ಅಂದರೆ ಸತ್ಯವೇದದ ಒಂದು ವಚನ ಇರುವ ಚೀಟಿ, ಎತ್ತುತ್ತೇವೆ. ಅಮ್ಮ ಎಲ್ಲ ಚೀಟಿಗಳನ್ನೂ ಆಯಾ ವಚನದ ಪುಟದಲ್ಲೇ ಇಡುತ್ತಾಳೆ. ಕೊಡುವಾಗ ತೆಗೆದಿಡಲು ನಾನು ಮರೆತಿದ್ದೆ. ಬೈಂಡರ್ ಪ್ರತಿ ಚೀಟಿಯ ಹಿಂದೆ ಪೆನ್ಸಿಲ್‌ನಲ್ಲಿ ಸಣ್ಣಗೆ ಪುಟದ ನಂಬರ್ ಬರೆದುಕೊಂಡು, ಹೊಲಿದಾದ ಮೇಲೆ ಅಲ್ಲಲ್ಲೇ ವಾಪಸ್ ಇಟ್ಟಿದ್ದಾರೆ. ಯಾರೂ ಹೇಳಿರಲಿಲ್ಲ.

ಅಮ್ಮ ವಚನಗಳ ಪಕ್ಕ ಇಸವಿ ಬರೆಯುತ್ತಾಳೆ. ಕೇಳಿಕೊಂಡ ವರ್ಷ ಒಂದು, ಸಿಕ್ಕ ವರ್ಷ ಇನ್ನೊಂದು. ಹಬಕ್ಕೂಕ 2:3ರ ಪಕ್ಕ ಮಾತ್ರ ಒಂದೇ ಇದೆ: 2003. ತಡವಾದರೂ ಕಾದಿರು, ಅದು ಬಂದೇ ಬರುತ್ತದೆ ಅನ್ನುವ ವಚನ ಅದು. ಅಣ್ಣ ಮನೆ ಬಿಟ್ಟು ಹೋದ ವರ್ಷ.

ಪುಸ್ತಕ ಕೈಗೆ ಬಂದ ಕೂಡಲೇ ಅಮ್ಮ ತೆಗೆದಿದ್ದು ಆ ಪುಟ. ಚೀಟಿ ಅಲ್ಲೇ ಇತ್ತು. "ಹ್ಞೂಂ, ಇದೆ" ಅಂದು, ಪುಸ್ತಕ ಮುಚ್ಚಿ ಕಾಫಿಗೆ ಇಡಲು ಎದ್ದಳು.

ಕೊಡೋದಾದರೆ ಮಳೆಗಾಲ ಮುಗಿದ ಮೇಲೆ ಕೊಡಿ.